ಸೋತರೆ ಕೈತಪ್ಪಿ ಹೋಗುವ ಬುಗುರಿ

ಬೇಗೋಮವನ್ನು ಮೊದಲ ಸಲ ಕೈಗೆ ಕೊಟ್ಟರೆ ಯಾರಾದರೂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಹಿಡಿಯುವುದು ಎಲ್ಲಿ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಸುಮಾರು ಮೂರು ಸೆಂಟಿಮೀಟರ್ ಅಗಲದ ಎರಕದ ಕಬ್ಬಿಣದ ತುಂಡು ಅದು. ಮೇಲೆ ಚಪ್ಪಟೆ, ಅಲ್ಲೊಂದು ಉಬ್ಬಿದ ಅಕ್ಷರ ಅಥವಾ ಗುರುತು. ಕೆಳಗೆ ಮೊಂಡಾದ ಶಂಕು, ಅದರ ಮೈಯಲ್ಲಿ ಸುರುಳಿಯಾಗಿ ಇಳಿಯುವ ಮಾಸಿದ ಗೆರೆ. ಬೆರಳಿಗೆ ಸಿಗುವ ಕಡ್ಡಿಯಿಲ್ಲ, ನೆಲಕ್ಕೆ ಊರುವ ಮೊಳೆಯಿಲ್ಲ, ದಾರ ನಿಲ್ಲುವಂಥ ಕಚ್ಚೂ ಇಲ್ಲ. ಗಾತ್ರಕ್ಕೆ ಮೀರಿದ ಭಾರ ಮಾತ್ರ ಇದೆ. ಜಪಾನಿನ ಕಾದಾಟದ ಬುಗುರಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕುಳ್ಳ. ಬಣ್ಣ ಬಳಿದ, ನೋಡಲು ಸೊಗಸಾದ ಮರದ ಬುಗುರಿಗಳು ಆ ದೇಶದಲ್ಲಿ ಬೇಕಾದಷ್ಟಿವೆ. ಅವುಗಳ ಪಕ್ಕದಲ್ಲಿ ಇದು ಯಾವುದೋ ಯಂತ್ರದಿಂದ ಕಳಚಿ ಬಿದ್ದ ಬಿಡಿಭಾಗದಂತೆ ಕಾಣುತ್ತದೆ.

ಆ ಸುರುಳಿ ಗೆರೆಗೆ ಹಿನ್ನೆಲೆಯೊಂದಿದೆ. ಕಬ್ಬಿಣಕ್ಕೆ ಮೊದಲು ಇದು ಚಿಪ್ಪಿನ ಬುಗುರಿಯಾಗಿತ್ತು. ‘ಬೈ’ ಎಂಬ ಸಮುದ್ರದ ಬಸವನಹುಳುವಿನ ಚಿಪ್ಪಿನ ಬಾಯಿ ಕಡೆಯ ಭಾಗವನ್ನು ಒಡೆದು ತೆಗೆದು, ಉಳಿದ ತುದಿಯೊಳಗೆ ಮರಳನ್ನೋ ಜೇಡಿಮಣ್ಣನ್ನೋ ತುಂಬಿ, ಮೇಲೆ ಮೇಣ ಸುರಿದು ಮುಚ್ಚುತ್ತಿದ್ದರು. ಭಾರ ಹೆಚ್ಚಲಿ ಎಂದು ಸೀಸ ಕರಗಿಸಿ ಹಾಕುವುದೂ ಇತ್ತು. ಆಟ ಹುಟ್ಟಿದ್ದು ಕ್ಯೋಟೋ ಕಡೆ ಎನ್ನುತ್ತಾರೆ. ಅಲ್ಲಿಂದ ಎಡೋಗೆ, ಅಂದರೆ ಇಂದಿನ ಟೋಕಿಯೋಗೆ ಬಂತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಚಿಪ್ಪಿನ ಜಾಗಕ್ಕೆ ಕಬ್ಬಿಣ ಬಂದಿತು. ಅಚ್ಚು ಮಾಡಿದವರು ಚಿಪ್ಪಿನ ಸುರುಳಿಯನ್ನು ಮಾತ್ರ ಬಿಡಲಿಲ್ಲ. ಅದಕ್ಕೊಂದು ಉಪಯೋಗವೂ ಇದ್ದೀತು, ನುಣ್ಣನೆಯ ಶಂಕುವಿಗಿಂತ ಗೆರೆಯಿರುವ ಮೈಯ ಮೇಲೆ ದಾರ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ.

ಈ ಕಬ್ಬಿಣದ ಕಥೆ ಬಹುಪಾಲು ಕವಾಗುಚಿ ಎಂಬ ಊರಿನದು. ಟೋಕಿಯೋದಿಂದ ಅರಕಾವಾ ನದಿ ದಾಟಿದರೆ ಸಿಗುವ ಸೈತಾಮಾ ಪ್ರಾಂತ್ಯದ ಊರು. ನದಿಯ ಮರಳು, ಜೇಡಿಮಣ್ಣು ಅಚ್ಚಿಗೆ ಒದಗುತ್ತಿದ್ದವು, ಮಾಡಿದ ಸರಕನ್ನು ದೋಣಿಯಲ್ಲಿ ಸಾಗಿಸಬಹುದಿತ್ತು, ಪಕ್ಕದಲ್ಲೇ ಮಹಾನಗರವಿತ್ತು. ಹೀಗಾಗಿ ಬಾಣಲೆ, ಪಾತ್ರೆಗಳಿಂದ ಹಿಡಿದು ಯಂತ್ರದ ಭಾಗಗಳವರೆಗೆ ಎಲ್ಲವನ್ನೂ ಎರಕ ಹೊಯ್ಯುವ ಊರಾಗಿ ಅದು ಬೆಳೆಯಿತು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜ್ಯೋತಿ ಉರಿದ ಬೃಹತ್ ಕೊಪ್ಪರಿಗೆಯೂ ಇಲ್ಲಿಯದೇ. ಅದನ್ನು ಮೊದಲು ಮಾಡಿದ್ದು 1958ರ ಏಷ್ಯನ್ ಕ್ರೀಡಾಕೂಟಕ್ಕೆ. ಸುಝುಕಿ ಮನ್ನೋಸುಕೆ ಎಂಬ ಹಿರಿಯ ಕುಶಲಕರ್ಮಿ ಹೊಯ್ದ ಮೊದಲ ಎರಕ ಕೈಕೊಟ್ಟಿತು. ಆ ಆಘಾತದಲ್ಲಿ ಹಾಸಿಗೆ ಹಿಡಿದ ಅವರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಮಗ ಬುಂಗೊ ಮತ್ತೆ ಅಚ್ಚು ಕಟ್ಟಿ ಕೆಲಸ ಮುಗಿಸಿದರು. ಇಂಥ ಕಾರ್ಖಾನೆಗಳಿದ್ದ ಬೀದಿಗಳಲ್ಲೇ ಮಕ್ಕಳ ಕೈಗೆ ಹೋಗುವ ಬೇಗೋಮವೂ ಮರಳಿನ ಅಚ್ಚಿನಲ್ಲಿ ಸಾಲುಸಾಲಾಗಿ ಹುಟ್ಟುತ್ತಿತ್ತು. ಮೇಲ್ಮೈ ಒರಟು, ಅಂಚು ಅಸಮ, ಕೇಂದ್ರ ಕೂದಲೆಳೆಯಷ್ಟು ಅತ್ತಿತ್ತ. ಇದನ್ನು ಕುಂದು ಎಂದು ನಾನು ಎಣಿಸುವುದಿಲ್ಲ. ಬೇಗೋಮದ ಸೆಳೆತ ಶುರುವಾಗುವುದೇ ಈ ಒರಟುತನದಿಂದ.

ಅಂಗಡಿಯಲ್ಲಿ ಕೊಂಡ ಬೇಗೋಮ ಇನ್ನೂ ಆಟಕ್ಕೆ ಸಿದ್ಧವಾದದ್ದಲ್ಲ. ಪುಡಿಗಾಸಿನ ಮಿಠಾಯಿ ಮಾರುವ, ದಗಾಶಿಯಾ ಎಂದು ಕರೆಯುವ ಮೂಲೆಯಂಗಡಿಯಲ್ಲಿ ಅದನ್ನು ಕೊಂಡ ಹುಡುಗ ಮನೆಗೆ ಬಂದವನೇ ಅರ ಹುಡುಕುತ್ತಿದ್ದ. ಅರ ಸಿಗದಿದ್ದರೆ ಮನೆ ಮುಂದಿನ ಕಾಂಕ್ರೀಟಿಗೇ ಉಜ್ಜುತ್ತಿದ್ದ. ಅಂಚಿನ ಮೂಲೆಗಳನ್ನು ಚೂಪು ಮಾಡಬೇಕು, ಎತ್ತರವನ್ನು ತಗ್ಗಿಸಬೇಕು, ತುದಿಯನ್ನು ನಡುವಿಗೆ ತರಬೇಕು. ತಗ್ಗಾದ ಬುಗುರಿ ಎದುರಾಳಿಯ ಅಂಚಿನಡಿ ನುಗ್ಗಿ ಅದನ್ನು ಎತ್ತಿ ಹಾಕುತ್ತದೆ. ಆದರೆ ಅತಿಯಾಗಿ ತಗ್ಗಿಸಿದರೆ ತುಸು ವಾಲಿದ ಕೂಡಲೇ ತನ್ನದೇ ಅಂಚು ನೆಲಕ್ಕೆ ತಾಗಿ ವೇಗ ಕಳೆದುಕೊಳ್ಳುತ್ತದೆ. ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಸೂತ್ರವಿಲ್ಲ. ಉಜ್ಜಿದ ಕಬ್ಬಿಣ ಮತ್ತೆ ಬರುವುದಿಲ್ಲವಾದ್ದರಿಂದ ಪ್ರತಿ ತಿಕ್ಕೂ ಒಂದು ತೀರ್ಮಾನ. ತಾನು ಕೊಂಡ ವಸ್ತುವನ್ನು ತನ್ನ ಕೈಯಾರೆ ಸವೆಸಿ ಉತ್ತಮಪಡಿಸುವ ಅವಕಾಶ ಹತ್ತು ವರ್ಷದ ಮಗುವಿಗೆ ಇನ್ನಾವ ಆಟಿಕೆಯಲ್ಲಿ ಸಿಗುತ್ತದೆ? ಗೊಂಬೆಯನ್ನು ಉಜ್ಜಿದರೆ ಬೈಗುಳ ಸಿಗುತ್ತದೆ, ಅಷ್ಟೇ.

ಇನ್ನು ದಾರ. ಇಲ್ಲಿ ನಾನು ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹೊಸಬರಲ್ಲಿ ಬಹಳ ಜನ ಆಟ ಬಿಟ್ಟು ಎದ್ದು ಹೋಗುವುದು ಇಲ್ಲೇ. ದಾರದ ಒಂದು ತುದಿಯಲ್ಲಿ ಸ್ವಲ್ಪ ಅಂತರಕ್ಕೆ ಎರಡು ಗಂಟು ಹಾಕುತ್ತಾರೆ. ಬೇಗೋಮವನ್ನು ಬೋರಲು ಹಿಡಿದು, ಅದರ ಮೊನೆಯ ಆಚೆಗೊಂದು ಈಚೆಗೊಂದು ಗಂಟು ಬರುವಂತೆ ದಾರವನ್ನಿಟ್ಟು, ಆ ಗಂಟುಗಳನ್ನೇ ಆಸರೆಯಾಗಿ ಮಾಡಿಕೊಂಡು ಸುತ್ತ ಬಿಗಿಯಾಗಿ ಸುತ್ತಬೇಕು. ಕಚ್ಚಿಲ್ಲದ ಶಂಕುವಿಗೆ ಗಂಟುಗಳೇ ಕಚ್ಚು. ಮೊದಲ ಎರಡು ಸುತ್ತು ಉಸಿರು ಬಿಗಿಹಿಡಿದು ಬಿಗಿಯಬೇಕು, ಆಮೇಲಿನವು ಒಂದರ ಪಕ್ಕ ಒಂದು ತಾವಾಗಿ ಕೂರುತ್ತವೆ. ಬಿಗಿ ಕಡಿಮೆಯಾದರೆ ಇಡೀ ಸುತ್ತು ಒಮ್ಮೆಲೇ ಜಾರಿ ದಾರ ಒಂದು ಕೈಯಲ್ಲಿ, ಕಬ್ಬಿಣ ಇನ್ನೊಂದು ಕೈಯಲ್ಲಿ ಉಳಿಯುತ್ತದೆ. ಕೆಲಸದ ನಿಮಿತ್ತ ಸೈತಾಮಾ ಕಡೆ ಇದ್ದಾಗ ಬಡಾವಣೆಯ ಮಕ್ಕಳ ಕೇಂದ್ರದಲ್ಲಿ ಇದನ್ನು ನನಗೆ ಹೇಳಿಕೊಟ್ಟ ಹಿರಿಯರು ಒಂದು ಮಾತೂ ಆಡದೆ ಹೇಳಿಕೊಟ್ಟರು. ನನ್ನ ಜಪಾನಿ ಭಾಷೆಯ ಮಟ್ಟ ಅವರಿಗೆ ಬೇಗ ಅರ್ಥವಾಗಿತ್ತು. ತಪ್ಪಾದಾಗ ದಾರ ಬಿಚ್ಚಿ ಕೈಗೆ ಕೊಡುವುದು, ಸರಿಯಾದಾಗ ತಲೆಯಾಡಿಸುವುದು, ಇಷ್ಟೇ ಪಾಠ. ನನ್ನ ಪಕ್ಕದಲ್ಲಿದ್ದ ಮೂರನೆಯ ತರಗತಿಯ ಹುಡುಗಿ ಅಷ್ಟರಲ್ಲಿ ಕಣ್ಣೆತ್ತದೆ ಸುತ್ತಿ, ಎಸೆದು, ಮತ್ತೆ ಸುತ್ತುತ್ತಿದ್ದಳು.

ಎಸೆಯುವ ಜಾಗಕ್ಕೆ ‘ತೋಕೊ’ ಎನ್ನುತ್ತಾರೆ. ಪೀಪಾಯಿಯ ಅಥವಾ ಬಕೆಟ್ಟಿನ ಬಾಯಿಗೆ ದಪ್ಪ ಕ್ಯಾನ್ವಾಸ್ ಬಟ್ಟೆ ಹಾಸಿ, ಹಗ್ಗದಿಂದ ಕಟ್ಟಿ, ನಡುವೆ ಅಂಗೈಯಿಂದ ಒತ್ತಿ ಸಣ್ಣ ತಗ್ಗು ಮಾಡಿದರೆ ಅಖಾಡ ಸಿದ್ಧ. ಹಿಂದೆ ಚಾಪೆಯನ್ನೂ ಹಾಸುತ್ತಿದ್ದರು. ಈ ತಗ್ಗು ಇಲ್ಲದಿದ್ದರೆ ಕಾದಾಟವೇ ಇಲ್ಲ. ಸಮತಟ್ಟು ನೆಲದ ಮೇಲೆ ಎರಡು ಬುಗುರಿಗಳು ತಮ್ಮ ಪಾಡಿಗೆ ತಾವು ತಿರುಗಿ ಮಲಗಿಬಿಡಬಹುದು. ತಗ್ಗಿನಲ್ಲಿ ಹಾಗೆ ತಪ್ಪಿಸಿಕೊಳ್ಳಲಾಗದು. ಯಾರೂ ಗುರಿಯಿಡದೆ, ಯಾರೂ ತಳ್ಳದೆ, ಭೂಮಿಯ ಸೆಳೆತವೇ ಅವೆರಡನ್ನೂ ಮತ್ತೆ ಮತ್ತೆ ನಡುವಿಗೆ ತಂದು ಎದುರುಬದುರು ನಿಲ್ಲಿಸುತ್ತದೆ. ತೋಕೊದಿಂದ ಹೊರಕ್ಕೆ ಹಾರಿದ್ದು ಸೋತಂತೆ. ಒಳಗೇ ಉಳಿದರೆ ಮೊದಲು ನಿಂತದ್ದು ಸೋತಂತೆ.

ಡಿಕ್ಕಿಯ ಒಳಗುಟ್ಟು ಇನ್ನೂ ಚೆನ್ನಾಗಿದೆ. ಬಲಗೈಯವರಿಬ್ಬರು ಒಂದೇ ರೀತಿ ಸುತ್ತಿ ಎಸೆದರೆ ಎರಡು ಬುಗುರಿಗಳೂ ಒಂದೇ ದಿಕ್ಕಿಗೆ ತಿರುಗುತ್ತವೆ. ಆದರೆ ಅವು ತಾಗುವ ಬಿಂದುವಿನಲ್ಲಿ ನೋಡಿದರೆ ಒಂದರ ಅಂಚು ಅತ್ತ ಓಡುತ್ತಿರುತ್ತದೆ, ಇನ್ನೊಂದರ ಅಂಚು ಇತ್ತ. ಎರಡು ವೇಗಗಳೂ ಕೂಡಿ ಉಜ್ಜಿಕೊಳ್ಳುವುದರಿಂದ ಕಣ್ ಎಂಬ ಸದ್ದಿನೊಂದಿಗೆ ಎರಡೂ ಪಕ್ಕಕ್ಕೆ ಸಿಡಿಯುತ್ತವೆ. ಮೂಲೆಗಳನ್ನು ಚೂಪು ಮಾಡಿದ್ದು ಆ ಕ್ಷಣಕ್ಕಾಗಿ. ಎದುರಾಳಿ ಎಡಗೈಯವನಾದರೆ ಲೆಕ್ಕವೇ ಬೇರೆ. ವಿರುದ್ಧ ದಿಕ್ಕಿಗೆ ತಿರುಗುವ ಎರಡು ಬುಗುರಿಗಳ ಅಂಚುಗಳು ತಾಗುವಲ್ಲಿ ಒಂದೇ ಕಡೆ ಓಡುತ್ತವೆ, ಹಲ್ಲುಚಕ್ರಗಳಂತೆ ಹೊಂದಿಕೊಳ್ಳುತ್ತವೆ. ಸಿಡಿತ ಕಡಿಮೆ. ವೇಗ ಹೆಚ್ಚಿದ್ದದ್ದು ಕಡಿಮೆಯಿದ್ದದ್ದಕ್ಕೆ ತನ್ನ ಸುತ್ತಾಟವನ್ನು ಸ್ವಲ್ಪ ದಾನ ಮಾಡಿಬಿಡುತ್ತದೆ. ಒಂದು ಪಕ್ಷದಲ್ಲಿ ಎಡಗೈಯವನೊಬ್ಬನಿದ್ದರೆ ಇಡೀ ಗುಂಪು ತನ್ನ ತಂತ್ರವನ್ನು ಹೊಸದಾಗಿ ಯೋಚಿಸಬೇಕಾಗುತ್ತದೆ. ಕ್ರಿಕೆಟ್ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಮನಿಸಿ, ಇದೆಲ್ಲ ನಡೆಯುವಾಗ ಆಟಗಾರ ಏನೂ ಮಾಡುತ್ತಿರುವುದಿಲ್ಲ. ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನೋಡುತ್ತಿರುತ್ತಾನೆ. ಉಜ್ಜಿದ್ದು, ಸುತ್ತಿದ್ದು, ಎಸೆದದ್ದು ಎಲ್ಲವೂ ಮುಗಿದುಹೋಗಿದೆ. ಇನ್ನೂ ಏನಾದರೂ ಮಾಡಬಹುದೆಂದು ಅನ್ನಿಸಿ ಕೈ ತುರಿಸುತ್ತದೆ, ಮಾಡುವಂತಿಲ್ಲ. ಆ ಕೆಲವೇ ಸೆಕೆಂಡುಗಳ ಅಸಹಾಯಕತೆ ಇಷ್ಟೊಂದು ಉದ್ವೇಗ ಹುಟ್ಟಿಸಲು ಒಂದು ಕಾರಣವಿತ್ತು, ಆ ಕಾರಣವನ್ನು ದೊಡ್ಡವರು ಯಾವತ್ತೂ ಇಷ್ಟಪಡಲಿಲ್ಲ. ಗೆದ್ದವನು ಸೋತವನ ಬೇಗೋಮವನ್ನು ತೆಗೆದುಕೊಂಡು ಹೋಗುತ್ತಿದ್ದ.

ಆಟ ಶುರುವಾಗುವ ಮೊದಲು ಒಪ್ಪಂದವಾಗಬೇಕಿತ್ತು. ‘ಹೊಂಕೊ’ ಎಂದರೆ ನಿಜದ ಆಟ, ಸೋತದ್ದು ಗೆದ್ದವನ ಪಾಲು. ‘ಉಸೋಕೊ’ ಎಂದರೆ ಸುಮ್ಮನೆ ಆಡುವುದು, ಮುಗಿದ ಮೇಲೆ ಅವರವರದು ಅವರವರಿಗೆ. ವಾರಗಟ್ಟಲೆ ಉಜ್ಜಿ, ಮೇಲಿನ ಅಕ್ಷರಕ್ಕೆ ಬಣ್ಣ ತುಂಬಿ, ಜೇಬಿನಲ್ಲಿಟ್ಟುಕೊಂಡು ಓಡಾಡಿದ ಬುಗುರಿ ಒಂದು ಕೆಟ್ಟ ಎಸೆತಕ್ಕೆ ಮತ್ತೊಬ್ಬನ ಜೇಬು ಸೇರುತ್ತಿತ್ತು. ಶಾಲೆಗಳು ಇದನ್ನು ಜೂಜು ಎಂದವು, ಹಲವೆಡೆ ನಿಷೇಧಿಸಿದವು. ಜೂಜು ಹೌದು. ಆದರೂ ಇಸ್ಪೀಟಿನ ಜೂಜಿಗೂ ಇದಕ್ಕೂ ವ್ಯತ್ಯಾಸವಿದೆ ಎಂದು ನಾನು ವಾದಿಸುತ್ತೇನೆ. ಇಲ್ಲಿ ಪಣಕ್ಕಿಟ್ಟ ವಸ್ತುವೂ ಕಾದಾಡುವ ವಸ್ತುವೂ ಒಂದೇ. ಅತ್ಯುತ್ತಮ ಬುಗುರಿಯನ್ನು ಇಳಿಸಿದರೆ ಗೆಲ್ಲುವ ಸಾಧ್ಯತೆ ಹೆಚ್ಚು, ಸೋತರೆ ನಷ್ಟವೂ ಹೆಚ್ಚು. ಅದನ್ನು ಮನೆಯಲ್ಲಿಟ್ಟು ಎರಡನೆಯ ದರ್ಜೆಯದನ್ನು ತಂದರೆ ಜೀವಕ್ಕೆ ನೆಮ್ಮದಿ, ಆದರೆ ಸೋಲು ಹತ್ತಿರ. ಈ ಲೆಕ್ಕವನ್ನು ಮಗು ಪ್ರತಿ ಸಂಜೆ ತಾನೇ ಹಾಕಬೇಕಿತ್ತು. ಮಕ್ಕಳನ್ನು ಇಂಥ ನಷ್ಟಕ್ಕೆ ಒಡ್ಡಬೇಕೇ ಎಂದು ಕೇಳುವ ತಂದೆತಾಯಿಗಳ ಕಷ್ಟ ನನಗೆ ಗೊತ್ತು. ಇಂದು ಮಕ್ಕಳ ಕೇಂದ್ರಗಳಲ್ಲಿ ಸಹಜವಾಗಿಯೇ ಉಸೋಕೊ ಮಾತ್ರ ಇದೆ. ಆ ಹುಡುಗಿಯೊಂದಿಗೆ ನಾನು ಆಡಿದ್ದೂ ಉಸೋಕೊ. ಒಳ್ಳೆಯದೇ ಆಯಿತು, ಇಲ್ಲದಿದ್ದರೆ ನನ್ನ ಬಳಿ ಇಂದು ಒಂದೂ ಉಳಿಯುತ್ತಿರಲಿಲ್ಲ.

ಯುದ್ಧಕಾಲದಲ್ಲಿ ಈ ಆಟಿಕೆಗೂ ಸಂಕಟ ಬಂತು. 1941ರಲ್ಲಿ ಲೋಹ ಸಂಗ್ರಹಣೆಯ ಆದೇಶ ಹೊರಟು, ದೇವಾಲಯದ ಗಂಟೆಗಳೂ ಕರಗಲು ಹೋದವು ಎಂದ ಮೇಲೆ ಹುಡುಗರ ಬುಗುರಿಗೆ ಕಬ್ಬಿಣ ಎಲ್ಲಿಂದ ಬರಬೇಕು? ಪಿಂಗಾಣಿಯ, ಗಾಜಿನ ಬೇಗೋಮಗಳು ಬಂದವು. ಪಿಂಗಾಣಿ ಹಗುರ, ಡಿಕ್ಕಿಯಾದರೆ ಚಕ್ಕೆ ಏಳುತ್ತದೆ. ಸೋತವನದು ಗೆದ್ದವನ ಕೈಗೆ ಹೋಗುವ ಹೊತ್ತಿಗೆ ಅರ್ಧ ಮಾತ್ರ ಉಳಿದಿರುವ ಸಾಧ್ಯತೆಯೂ ಇತ್ತು. ಯುದ್ಧ ಮುಗಿದ ಮೇಲೆ ಕಬ್ಬಿಣ ಮರಳಿತು, ಬೇಸ್‌ಬಾಲ್ ಆಟಗಾರರ, ಸುಮೋ ಮಲ್ಲರ ಹೆಸರು ಹೊತ್ತ ಬೇಗೋಮಗಳು ಬೀದಿ ತುಂಬಿದವು. ಆಮೇಲೆ ಟಿವಿ ಬಂತು, ಬೀದಿಗೆ ಕಾರುಗಳು ಬಂದವು, ಉಳಿದದ್ದು ಎಲ್ಲ ಊರುಗಳ ಕಥೆ. ಕವಾಗುಚಿಯ ಎರಕದ ಕಾರ್ಖಾನೆಗಳಿದ್ದ ಜಾಗದಲ್ಲಿ ಈಗ ಬಹುಮಹಡಿ ವಸತಿ ಕಟ್ಟಡಗಳಿವೆ. ಬೇಗೋಮವನ್ನು ಇನ್ನೂ ಕೈಬಿಡದ ತಯಾರಕರೆಂದು ಅಲ್ಲಿ ಹೆಸರು ಹೇಳುವುದು ಒಂದೇ ಸಂಸ್ಥೆಯದು.

ಜಪಾನಿನ ದಕ್ಷಿಣಕ್ಕೆ, ಕ್ಯೂಶೂ ದ್ವೀಪಕ್ಕೆ ಹೋದರೆ ಕಾದಾಟದ ಬುಗುರಿಯ ಸ್ವರೂಪವೇ ಬದಲಾಗುತ್ತದೆ. ನಾಗಸಾಕಿ ಪ್ರಾಂತ್ಯದ ಸಾಸೆಬೊ ನೌಕಾನೆಲೆಯ ಊರು. ಅಲ್ಲಿಯ ಬುಗುರಿ ಮಾತೆಬಾಶಿಯಿ ಎಂಬ ಓಕ್ ಬಳಗದ ಗಟ್ಟಿ ಮರದ್ದು. ಹೊಟ್ಟೆ ಉಬ್ಬಿ, ಕೆಳಗೆ ಮೊನಚಾಗುವ ಸಣ್ಣ ಈರುಳ್ಳಿಯ ಆಕಾರ. ತಲೆಯ ಮೇಲೆ ಹಸಿರು, ಕೆಂಪು, ಹಳದಿ, ಬಿಳಿ, ಕಪ್ಪು, ಹೀಗೆ ಪಂಚತತ್ತ್ವಗಳ ಐದು ಬಣ್ಣದ ವರ್ತುಲಗಳು. ಕೆಳಗಿನ ಕಬ್ಬಿಣದ ಮೊನೆಗೆ ‘ಕೆನ್’, ಅಂದರೆ ಖಡ್ಗ ಎಂಬ ಹೆಸರು. ಎಲ್ಲರೂ ಒಟ್ಟಿಗೆ ಎಸೆದು ಯಾರದು ಹೆಚ್ಚು ಹೊತ್ತು ತಿರುಗುತ್ತದೆ ಎಂದು ನೋಡುತ್ತಾರೆ. ಮೊದಲು ಬಿದ್ದದ್ದು ಕೆಳಗೆ ಬಲಿಯಾಗಿ ಕೂರಬೇಕು. ಮಿಕ್ಕವರು ಖಡ್ಗ ತಾಗುವಂತೆ ಅದರ ನೆತ್ತಿಯ ಮೇಲೆ ಎಸೆಯುತ್ತಾರೆ.

ಇದನ್ನು ಓದುತ್ತಲೇ ನಿಮಗೆ ಗುನ್ನ ನೆನಪಾಗಿರಬೇಕು. ವೃತ್ತದೊಳಗಿನ ಬುಗುರಿಗೆ ಮೊಳೆಯಿಂದ ಹೊಡೆದು ಗಾಯ ಮಾಡುವ ನಮ್ಮ ಬೀದಿಯ ಕ್ರೌರ್ಯಕ್ಕೂ ಸಾಸೆಬೊದ ಹುಡುಗರ ಕ್ರೌರ್ಯಕ್ಕೂ ಅಂಥ ಅಂತರವಿಲ್ಲ. ಗುನ್ನ ಬಿದ್ದ ಬುಗುರಿಯನ್ನು ಮುಚ್ಚಿಟ್ಟುಕೊಂಡು ಮನೆಗೆ ಬರುವ ಅವಮಾನ ನಮಗೂ ಪರಿಚಿತ. ಒಂದು ವ್ಯತ್ಯಾಸವನ್ನು ಮಾತ್ರ ಹೇಳಬೇಕು. ಮರದ ಬುಗುರಿಯಲ್ಲಿ ಸೋಲಿನ ಗುರುತು ವಸ್ತುವಿನ ಮೇಲೆ ಉಳಿಯುತ್ತದೆ, ವಸ್ತು ನಮ್ಮಲ್ಲೇ ಉಳಿಯುತ್ತದೆ. ಬೇಗೋಮದಲ್ಲಿ ಗುರುತು ಬೀಳುವುದು ಕಡಿಮೆ, ವಸ್ತುವೇ ಹೋಗಿಬಿಡುತ್ತದೆ. ಎರಡರಲ್ಲಿ ಯಾವುದು ಹೆಚ್ಚು ನೋವು ಎಂದು ಕೇಳಿದರೆ ನಾನು ಎರಡನೆಯದನ್ನು ಹೇಳುತ್ತೇನೆ. ಈ ಎರಡು ದೇಶಗಳ ಬುಗುರಿಗಳ ನಡುವೆ ಕೊಡುಕೊಳ್ಳುವಿಕೆಯ ಎಳೆಯೂ ಒಂದಿದೆ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಕಸುಬಿಗೆ ಜಪಾನಿನ ವಿಧಾನಗಳನ್ನು ತಂದು ಸೇರಿಸಿದವರು ಬವಾಸ್ ಮಿಯಾನ್ ಎಂದು ಆ ಊರಿನಲ್ಲಿ ನೆನೆಯುತ್ತಾರೆ. ಚನ್ನಪಟ್ಟಣದ ಬಣ್ಣದ ಬುಗುರಿಯನ್ನು ತಿರುಗಿಸುವಾಗ ಅದರ ನುಣುಪಿನಲ್ಲಿ ಆ ಪಾಠದ ಪಾಲೂ ಸ್ವಲ್ಪ ಇದೆ.

ನಮ್ಮ ಮನೆಗಳಿಗೆ ಜಪಾನಿನ ಕಾದಾಟದ ಬುಗುರಿ ಬಂದದ್ದು ಮಾತ್ರ ಪ್ಲಾಸ್ಟಿಕ್ ರೂಪದಲ್ಲಿ. ಟಕಾರಾ ಕಂಪನಿ 1999ರಲ್ಲಿ ಬೇಗೋಮವನ್ನೇ ಮಾದರಿಯಾಗಿಟ್ಟುಕೊಂಡು ಬೇಬ್ಲೇಡ್ ತಂದಿತು, 2001ರಲ್ಲಿ ಅದರ ಆ್ಯನಿಮೇಷನ್ ಸರಣಿ ಶುರುವಾಯಿತು. ಕೆಲವು ವರ್ಷಗಳಲ್ಲಿ ನಮ್ಮಲ್ಲೂ ಟಿವಿ ಮುಂದೆ ಕೂತ ಮಕ್ಕಳು ಹಲ್ಲಿನ ಪಟ್ಟಿ ಎಳೆದು ‘ಲೆಟ್ ಇಟ್ ರಿಪ್’ ಎಂದು ಕೂಗತೊಡಗಿದರು. ನನ್ನ ಅಕ್ಕನ ಮಗನ ಬಾಲ್ಯದ ಒಂದು ಭಾಗ ಹೀಗೇ ಕಳೆಯಿತು. ಅಡುಗೆಮನೆಯ ದೊಡ್ಡ ಬೋಗುಣಿ ಅವನ ಅಖಾಡವಾಗಿದ್ದರಿಂದ ಹಿಟ್ಟು ಕಲಸಬೇಕಾದಾಗಲೆಲ್ಲ ಅಕ್ಕ ಅದನ್ನು ಬಿಡಿಸಿಕೊಳ್ಳಬೇಕಾಗುತ್ತಿತ್ತು. ಹಳೆಯ ಆಟದ ಅಭಿಮಾನಿಗಳು ಬೇಬ್ಲೇಡನ್ನು ಕಂಡರೆ ಮೂಗು ಮುರಿಯುತ್ತಾರೆ. ನಾನು ಅಷ್ಟು ಕಟುವಾಗಿರಲಾರೆ. ಅದು ದಾರವನ್ನು ಕಿತ್ತುಹಾಕಿತು, ನಿಜ. ಯಾರು ಬೇಕಾದರೂ ಮೊದಲ ನಿಮಿಷದಲ್ಲೇ ತಿರುಗಿಸಬಹುದಾದ್ದರಿಂದ ಕೈಚಳಕದ ಬೆಲೆ ಇಳಿಯಿತು. ಆದರೆ ಕಳಚಿ, ಬದಲಿಸಿ, ಮತ್ತೆ ಜೋಡಿಸುವ ಅವಕಾಶವನ್ನು ಅದು ಉಳಿಸಿಕೊಂಡಿತು. ಭಾರದ ಬಳೆ ಯಾವುದು, ತುದಿ ಚೂಪೋ ಚಪ್ಪಟೆಯೋ, ಎಡಕ್ಕೆ ತಿರುಗುವುದೋ ಬಲಕ್ಕೋ ಎಂಬ ಯೋಚನೆ ಅರ ಹಿಡಿದ ಹುಡುಗನ ಯೋಚನೆಯೇ. 2023ರಲ್ಲಿ ಬಂದ ಹೊಸ ಪೀಳಿಗೆಯಲ್ಲಿ ಅಖಾಡದ ಅಂಚಿಗೆ ಹಲ್ಲುಪಟ್ಟಿಯನ್ನು ಅಳವಡಿಸಿದ್ದಾರೆ. ಬುಗುರಿಯ ತುದಿಯಲ್ಲಿರುವ ಹಲ್ಲುಗಳು ಅದಕ್ಕೆ ಸಿಕ್ಕಿಕೊಂಡಾಗ ಅದು ಒಮ್ಮೆಲೇ ಚಿಮ್ಮಿ ಓಡುತ್ತದೆ. ಜಾಣ ಕೆಲಸ. ಆದರೂ ಸೋತ ಮಗು ತನ್ನ ಬೇಬ್ಲೇಡನ್ನು ಎತ್ತಿಕೊಂಡು ಮನೆಗೆ ಹೋಗುತ್ತದೆ. ಅಷ್ಟು ಬೆಲೆಯ ಆಟಿಕೆಯಲ್ಲಿ ಹೊಂಕೊ ಆಡಿಸಿದರೆ ಅಪ್ಪಂದಿರೇ ಕಾದಾಟಕ್ಕಿಳಿಯುತ್ತಾರೆ.

ಹಾಗಾದರೆ ಹೊಂಕೊ ಸತ್ತಿತೇ? ಇಲ್ಲ. ಅದನ್ನು ಉಳಿಸಿದ್ದು ಮಕ್ಕಳಲ್ಲ, ಸಣ್ಣ ಕಾರ್ಖಾನೆಗಳ ಮಾಲೀಕರು. 2012ರ ಫೆಬ್ರುವರಿಯಲ್ಲಿ ಯೊಕೊಹಾಮಾದಲ್ಲಿ ಮೊದಲ ಬಾರಿಗೆ ‘ಕೋಮಾ ತೈಸೆನ್’, ಅಂದರೆ ಬುಗುರಿ ಮಹಾಯುದ್ಧ ನಡೆಯಿತು. ಭಾಗವಹಿಸಿದವರು ಲೇತ್, ಮಿಲ್ಲಿಂಗ್ ಯಂತ್ರಗಳ ಮುಂದೆ ದಿನ ಕಳೆಯುವ ಬಿಡಿಭಾಗ ತಯಾರಕರು. ದೊಡ್ಡ ಕಂಪನಿಗಳಿಗೆ ನಿಖರವಾದ ಭಾಗಗಳನ್ನು ಮಾಡಿಕೊಟ್ಟರೂ ಅವರ ಹೆಸರು ಎಲ್ಲೂ ಕಾಣಿಸುವುದಿಲ್ಲ. ಆ ಕೌಶಲವನ್ನು ಜನರ ಮುಂದಿಡಲು ಬುಗುರಿಗಿಂತ ಒಳ್ಳೆಯ ನೆಪ ಬೇಕೇ? ಬುಗುರಿಯ ವ್ಯಾಸ 20 ಮಿಲಿಮೀಟರ್ ದಾಟಬಾರದು. ದಾರವಿಲ್ಲ, ಒಂದೇ ಕೈಯ ಬೆರಳುಗಳಿಂದ ತಿರುಗಿಸಬೇಕು. ಅಖಾಡ 25 ಸೆಂಟಿಮೀಟರ್ ಅಗಲದ ಹೊಂಡದಂಥ ತಟ್ಟೆ. ಗೆದ್ದವರು ಸೋತವರ ಬುಗುರಿಯನ್ನು ಒಯ್ಯುತ್ತಾರೆ. ಶಾಲೆ ನಿಷೇಧಿಸಿದ ನಿಯಮವನ್ನು ಕಾರ್ಖಾನೆ ಮಾಲೀಕರು ಸಂತೋಷದಿಂದ ಮರಳಿ ತಂದರು. ಬಹುಶಃ ಅವರಲ್ಲಿ ಕೆಲವರು ಬಾಲ್ಯದಲ್ಲಿ ಕಳೆದುಕೊಂಡದ್ದರ ಬಾಕಿ ಇನ್ನೂ ತೀರಿರಲಿಲ್ಲ.

20 ಮಿಲಿಮೀಟರ್ ಎಂಬ ಗಡಿ ಹಾಕಿದ ಕೂಡಲೇ ಎಲ್ಲ ಜಾಣತನವೂ ಆ ಗಡಿಯೊಳಗೆ ಕುದಿಯತೊಡಗುತ್ತದೆ. ಭಾರ ಬೇಕೇ? ಕಬ್ಬಿಣದ ಎರಡೂವರೆ ಪಟ್ಟು ಸಾಂದ್ರವಾದ ಟಂಗ್‌ಸ್ಟನ್ ಇದೆ. ಆದರೆ ಭಾರ ಹೆಚ್ಚಿದಷ್ಟೂ ಬೆರಳಿನ ಒಂದೇ ತಿರುಚಿಗೆ ಅದು ವೇಗ ಹಿಡಿಯುವುದಿಲ್ಲ. ಹಗುರವಾದದ್ದು ಬೇಗ ತಿರುಗುತ್ತದೆ, ಹೊಡೆತ ಬಿದ್ದರೆ ಹಾರಿಹೋಗುತ್ತದೆ. ಸುಮ್ಮನೆ ನಡುವೆ ನಿಂತು ಎದುರಾಳಿ ದಣಿಯಲಿ ಎಂದು ಕಾಯುವ ಬುಗುರಿ ಮಾಡುವುದೋ, ನುಗ್ಗಿ ಹೊಡೆಯುವುದನ್ನು ಮಾಡುವುದೋ ಎಂಬುದನ್ನು ಯಂತ್ರದ ಮುಂದೆಯೇ ತೀರ್ಮಾನಿಸಬೇಕು. ಗೆದ್ದವರಿಗೆ ಎದುರಾಳಿಯ ಬುಗುರಿಯ ಜೊತೆ ಅವನ ಕಾರ್ಖಾನೆಯ ಗುಟ್ಟೂ ಸಿಗುತ್ತದೆ. ನಾನಾಗಿದ್ದರೆ ಮೊದಲು ಅದರ ತುದಿಯನ್ನು ಭೂತಗನ್ನಡಿಯ ಕೆಳಗಿಟ್ಟು ನೋಡುತ್ತಿದ್ದೆ.

ಈ ಸ್ಪರ್ಧೆಗಳಿಗೆ ಒಂದು ಜಾತಿಯ ಬುಗುರಿಯೂ ಬಂದಿದೆ. ಕೈಯಲ್ಲಿದ್ದಾಗ ಅಳತೆಗೆ ಸರಿಯಾಗಿರುತ್ತದೆ. ತಿರುಗತೊಡಗಿದ ಮೇಲೆ ಸುತ್ತಾಟದ ಎಳೆತಕ್ಕೆ ಅದರ ಬದಿಯ ಭಾಗಗಳು ಹೊರಕ್ಕೆ ಚಾಚಿ, ಗಡಿ ಮೀರಿ ಅಗಲವಾಗಿ, ಪಕ್ಕಕ್ಕೆ ಬಂದದ್ದನ್ನೆಲ್ಲ ಗುಡಿಸಿಹಾಕುತ್ತದೆ. ಇದು ಮೋಸ ಎನ್ನುವವರಿರಬಹುದು. ನನಗೆ ಹಾಗನ್ನಿಸುವುದಿಲ್ಲ. ನಿಯಮ ಹೇಳುವುದು ಬುಗುರಿ ನಿಂತಿರುವಾಗಿನ ಅಳತೆ. ತಿರುಗುವಾಗ ಎಷ್ಟಿರಬೇಕು ಎಂದು ಯಾರೂ ಬರೆದಿರಲಿಲ್ಲ, ಅದನ್ನು ಗಮನಿಸಿದವನು ಗೆದ್ದ.